60 ರೂಪಾಯಿಯ ರೊಟ್ಟಿ: ಅವ್ವನ ಜೊತೆ ಬೆಳಗಾವಿಯ ಮೂರು ದುಬಾರಿ ಹೋಟೆಲ್‌ಗಳಲ್ಲಿ

ಎಲ್ಲರಿಗೂ ನಮಸ್ಕಾರ. ಈಗ ಪರದೆ ಮೇಲೆ ಕಾಣುತ್ತಿರುವ ಕೈ ನಮ್ಮ ಅವ್ವಂದು. ಕೈಯಲ್ಲಿರೋದು ಜೋಳದ ರೊಟ್ಟಿ. ಒಂದಕ್ಕೆ 60 ರೂಪಾಯಿ. ಅವ್ವ ಅದನ್ನು ಮುರಿಯಲು ನೋಡುತ್ತಿದ್ದಾಳೆ, ಅದು ಮುರಿಯುತ್ತಿಲ್ಲ. ಎಳೆದರೆ ಉದ್ದ ಆಯಿತು, ಆಮೇಲೆ ಹರಿಯಿತು. ಆ ತುಂಡನ್ನು ತಾಟಿನ ಅಂಚಿಗಿಟ್ಟು ಅವ್ವ ಹೇಳಿದ್ದು ಇಷ್ಟೇ: "ಇದರಾಗ ಗೋಧಿ ಹಿಟ್ಟ ಐತಿ."

ಬೆಳಗಾವಿಯಲ್ಲಿ ಈಗ ದೊಡ್ಡ ದೊಡ್ಡ ರೆಸ್ಟೋರೆಂಟ್‌ಗಳು ಜಾಸ್ತಿಯಾಗಿವೆ. ಕ್ಯಾಂಪ್, ಟಿಳಕವಾಡಿ, ಹೈವೇ ಬದಿ, ಎಲ್ಲಿ ನೋಡಿದರೂ ಹೊಸ ಬೋರ್ಡು. ಇಬ್ಬರು ಊಟಕ್ಕೆ ಹೋದರೆ ಎರಡು ಸಾವಿರ ಆರಾಮಾಗಿ ಖರ್ಚಾಗುತ್ತದೆ. ಅಷ್ಟು ಕೊಟ್ಟಮೇಲೆ ಊಟ ಹೇಗಿದೆ ಅಂತ ಸರಿಯಾಗಿ ಹೇಳುವವರು ಬೇಕಲ್ವಾ? ವಿಡಿಯೊ ನೋಡಿದರೆ ಎಲ್ಲರೂ ಬಾಯಿಗಿಡುವ ಮೊದಲೇ "ಸೂಪರ್" ಅಂತಾರೆ. ಹಾಗಾಗಿ ನಾನು ನನ್ನದೇ ಒಂದು ಲೆಕ್ಕ ಇಟ್ಟುಕೊಂಡಿದ್ದೇನೆ. ಯಾವ ಹೋಟೆಲ್‌ಗೆ ಹೋದರೂ ಎರಡು ಐಟಂ ಖಂಡಿತ ತರಿಸುತ್ತೇನೆ. ಒಂದು, ಅವ್ವ ಮನೆಯಲ್ಲಿ ದಿನಾ ಮಾಡುವಂಥದ್ದು. ಇನ್ನೊಂದು, ಅವ್ವನ ಒಲೆಯ ಮೇಲೆ ಆಗದೇ ಇರುವಂಥದ್ದು. ಮೊದಲನೆಯದರಲ್ಲಿ ಅಡುಗೆಯವರ ಶ್ರದ್ಧೆ ಗೊತ್ತಾಗುತ್ತದೆ, ಎರಡನೆಯದರಲ್ಲಿ ನಾವು ದುಡ್ಡು ಕೊಟ್ಟು ಹೊರಗೆ ಯಾಕೆ ಬಂದೆವು ಅನ್ನೋದು ಗೊತ್ತಾಗುತ್ತದೆ.

ದುಡ್ಡು ನನ್ನದೇ. ಒಂದೊಂದು ಕಡೆ ಎರಡೆರಡು ಸಲ ಹೋಗಿದ್ದೇನೆ, ಮೊದಲ ಸಲ ಅವ್ವನ ಜೊತೆ, ಎರಡನೇ ಸಲ ಗೆಳೆಯರ ಜೊತೆ, ಯಾಕಂದ್ರೆ ಒಂದು ದಿನ ಯಾರ ಅಡುಗೆಯಾದರೂ ಕೆಡಬಹುದು. ಹೋಟೆಲ್ ಹೆಸರು ಹೇಳುವುದಿಲ್ಲ. ತಪ್ಪು ಕಂಡಲ್ಲಿ ಹೆಸರು ಹೇಳಿ ಅಲ್ಲಿ ಕೆಲಸ ಮಾಡುವವರ ಹೊಟ್ಟೆ ಮೇಲೆ ಹೊಡೆಯೋದು ಬೇಡ. ಚೆನ್ನಾಗಿದ್ದಲ್ಲಿ ಹೆಸರು ಹೇಳಿದರೆ ಜಾಹೀರಾತು ಅನ್ನಿಸುತ್ತದೆ. ಮತ್ತೆ, ನಾವು ಸಸ್ಯಾಹಾರಿಗಳು. ಮೀನು ಮಾಂಸದ ಬಗ್ಗೆ ನನ್ನನ್ನು ಕೇಳಬೇಡಿ.

ಸರಿ, ಮೊದಲ ಹೋಟೆಲ್. ಒಳಗೆ ಹೋದರೆ ಜಾಗ ಚೆಂದ, ಕುರ್ಚಿ ಮೆತ್ತಗೆ, ಎಸಿ ತಂಪು. ಮೆನು ಕಾರ್ಡ್ ಕೇಳಿದೆವು, ಟೇಬಲ್ ಮೇಲೆ ಕ್ಯೂಆರ್ ಕೋಡ್ ಇದೆ ಅಂದರು. ಅವ್ವನ ಹತ್ತಿರ ಇರೋದು ಬಟನ್ ಫೋನ್. ನನ್ನ ಫೋನಿನಲ್ಲಿ ತೆಗೆದರೆ ಎಲ್ಲ ಇಂಗ್ಲಿಷ್, ಅಕ್ಷರ ಸಾಸಿವೆ ಕಾಳಿನಷ್ಟು. ನಾನು ಓದಿ ಹೇಳಿದೆ, ಅವ್ವ ಕೇಳಿಸಿಕೊಂಡಳು, ಹಾಡಿನ ಸದ್ದಿಗೆ ಅರ್ಧ ಕೇಳಿಸಲಿಲ್ಲ. ಐವತ್ತೆಂಟು ವರ್ಷದ ಹೆಂಗಸು ಚೆಂದದ ಸೀರೆ ಉಟ್ಟುಕೊಂಡು ಊಟಕ್ಕೆ ಬಂದಿದ್ದಾಳೆ, ಅವಳ ಕೈಗೆ ಕನ್ನಡದಲ್ಲಿ ಒಂದು ಹಾಳೆ ಕೊಡೋಕೆ ಎಷ್ಟು ಖರ್ಚಾಗುತ್ತದೆ ಹೇಳಿ. ಇದು ನನಗೆ ನಿಜಕ್ಕೂ ಬೇಸರವಾಯಿತು.

ಅಲ್ಲಿ ತರಿಸಿದ್ದು ಉತ್ತರ ಕರ್ನಾಟಕ ಥಾಲಿ, ಜೊತೆಗೆ ಬೇರೆಯಾಗಿ ಎರಡು ರೊಟ್ಟಿ. ನಮ್ಮ ಅವ್ವನ ತವರು ಸವದತ್ತಿ ಕಡೆ. ಎರೆ ಮಣ್ಣು, ಹಿಂಗಾರಿ ಜೋಳ. ಖಾನಾಪುರದ ಕಡೆ ಮಳೆ ಜಾಸ್ತಿ, ಅಲ್ಲಿ ಭತ್ತ. ಪೂರ್ವಕ್ಕೆ ಬಂದಹಾಗೆ ಜೋಳ. ಒಂದೇ ಜಿಲ್ಲೆಯಲ್ಲಿ ಎರಡು ತಾಟು. ಜೋಳದ ರೊಟ್ಟಿಯ ವಿಷಯದಲ್ಲಿ ಅವ್ವನಿಗೆ ಯಾರೂ ಸುಳ್ಳು ಹೇಳೋಕಾಗಲ್ಲ. ಜೋಳದ ಹಿಟ್ಟಿಗೆ ಗೋಧಿಯ ಹಾಗೆ ಎಳೆ ಬರುವುದಿಲ್ಲ, ಅದರಲ್ಲಿ ಗ್ಲುಟೆನ್ ಇಲ್ಲ. ಅದಕ್ಕೇ ಎಸರು ಕುದಿಸಿ ಹಿಟ್ಟಿಗೆ ಹಾಕಿ ನಾದುತ್ತಾರೆ, ಆ ಬಿಸಿಗೆ ಹಿಟ್ಟು ಅಂಟಾಗಿ ಒಂದಕ್ಕೊಂದು ಹಿಡಿದುಕೊಳ್ಳುತ್ತದೆ. ಆಮೇಲೆ ಕೈಯಿಂದ ಬಡಿಯಬೇಕು, ಹಂಚಿಗೆ ಹಾಕಿ ಮೇಲೆ ನೀರಿನ ಬಟ್ಟೆ ಆಡಿಸಬೇಕು, ತಿರುವಿ ಬೆಂಕಿಗೆ ಹಿಡಿದಾಗ ಉಬ್ಬಬೇಕು. ಇದಕ್ಕೆ ಕೈ ಪಳಗಿರಬೇಕು. ಕೈ ಪಳಗಿರದ ಅಡುಗೆಮನೆಯಲ್ಲಿ ಏನು ಮಾಡುತ್ತಾರೆ? ಗೋಧಿ ಹಿಟ್ಟು ಬೆರೆಸಿ ಲಟ್ಟಿಸುತ್ತಾರೆ. ಆಗ ಯಾರು ಬೇಕಾದರೂ ಮಾಡಬಹುದು. ಗೊತ್ತು ಹಿಡಿಯೋದು ಸುಲಭ: ಬರೀ ಜೋಳದ ರೊಟ್ಟಿ ಮುರಿಯುತ್ತದೆ, ಬೆರಕೆ ರೊಟ್ಟಿ ಎಳೆಯುತ್ತದೆ.

ಬೆರಕೆ ಒಂದೇ ಆಗಿದ್ದರೆ ಇಷ್ಟು ಹೇಳುತ್ತಿರಲಿಲ್ಲ. ಆ ರೊಟ್ಟಿ ಯಾವಾಗಲೋ ಮಾಡಿ ಹಾಟ್‌ಬಾಕ್ಸ್‌ನಲ್ಲಿ ಮುಚ್ಚಿಟ್ಟದ್ದು. ಬೆವರಿ ಚರ್ಮದ ಹಾಗಾಗಿತ್ತು. ಅವ್ವ ಬಡಿಸುವ ಹುಡುಗನನ್ನು ಕರೆದಳು. "ತಮ್ಮಾ, ಇದು ಬಿಸಿ ರೊಟ್ಟಿನೂ ಅಲ್ಲ, ಖಡಕ್ ರೊಟ್ಟಿನೂ ಅಲ್ಲ. ನಿಮ್ಮಲ್ಲಿ ಬಡಿಯಾಕ ಮಂದಿ ಇಲ್ಲಂದ್ರ ಖಡಕ್ ರೊಟ್ಟಿನ ಕೊಡ್ರಿ. ಅದರಾಗ ಏನ್ ಕಡಿಮಿ ಐತಿ?" ಹುಡುಗ ಪಾಪ, "ಹೇಳ್ತೀನ್ರಿ ಅವ್ವಾರ" ಅಂದ. ಈ ಮಾತು ನಾನು ಆಮೇಲೆ ತುಂಬಾ ಯೋಚಿಸಿದೆ. ಖಡಕ್ ರೊಟ್ಟಿ ವಾರಗಟ್ಟಲೆ ಇರುತ್ತದೆ, ಬುತ್ತಿ ಕಟ್ಟಿಕೊಂಡು ಹೋಗುವ ರೊಟ್ಟಿ ಅದು. ಅದನ್ನೇ ಒಳ್ಳೆ ಬೆಣ್ಣೆ, ಶೇಂಗಾ ಚಟ್ನಿ, ಕೆನೆ ಮೊಸರಿನ ಜೊತೆ ಇಟ್ಟಿದ್ದರೆ ನಾವು ಖುಷಿಯಿಂದ 60 ರೂಪಾಯಿ ಕೊಡುತ್ತಿದ್ದೆವು. ಬೆಲೆ ಜಾಸ್ತಿ ಅಂತ ನನ್ನ ದೂರಲ್ಲ. ಖಾನಾವಳಿಯಲ್ಲಿ ಕೂತರೆ ಹಂಚಿನಿಂದ ನೇರ ತಾಟಿಗೆ ಬಿಸಿ ರೊಟ್ಟಿ ಬೀಳುತ್ತದೆ, ಸಾಕು ಅನ್ನುವ ತನಕ. ಅಲ್ಲಿ ಆಗುವ ಕೆಲಸ ಇಲ್ಲಿ ಯಾಕೆ ಆಗೋದಿಲ್ಲ ಅನ್ನೋದು ನನ್ನ ಪ್ರಶ್ನೆ.

ಈ ಕ್ಲಿಪ್ ಸ್ವಲ್ಪ ಹತ್ತಿರದಿಂದ ನೋಡಿ. ಇದು ಅದೇ ಥಾಲಿಯ ಎಣ್ಣೆಗಾಯಿ. ಚಮಚದಲ್ಲಿ ಬದನೆಕಾಯಿ ಬಿಡಿಸುತ್ತಿದ್ದೇನೆ. ಒಳಗೆ ಬೆಳ್ಳಗಿದೆ, ಕಾಣಿಸಿತಾ? ಎಣ್ಣೆಗಾಯಿ ಅಂದರೆ ತುಂಬುಗಾಯಿ. ತೊಟ್ಟು ಬಿಡದೆ ನಾಲ್ಕು ಸೀಳು ಮಾಡಿ, ಶೇಂಗಾ ಪುಡಿ, ಎಳ್ಳು, ಗುರೆಳ್ಳು, ಮಸಾಲೆ ಖಾರ, ಹುಣಸೆ, ಬೆಲ್ಲ ಕಲಸಿ ಒಳಗೆ ತುಂಬಿ, ಸಣ್ಣ ಉರಿಯಲ್ಲಿ ಎಣ್ಣೆ ಬಿಡುವ ತನಕ ಇಡಬೇಕು. ಆಗ ಒಳಗಿನ ತಿರುಳು ಮಸಾಲೆಯ ಬಣ್ಣಕ್ಕೆ ತಿರುಗುತ್ತದೆ. ಇಲ್ಲಿ ಬದನೆಕಾಯಿಯನ್ನು ಬೇರೆ ಕರಿದು, ಗೋಡಂಬಿ ಹಾಕಿದ ಗ್ರೇವಿ ಮೇಲೆ ಸುರಿದಿದ್ದಾರೆ. ಹೊರಗೆ ಚೆಂದ, ಒಳಗೆ ಉಪ್ಪೂ ಇಲ್ಲ. ಎರಡನೇ ಸಲ ಹೋದಾಗಲೂ ಹೀಗೇ ಇತ್ತು. ಹಾಗಾದರೆ ಇದು ಒಂದು ದಿನದ ತಪ್ಪಲ್ಲ, ಅವರು ಮಾಡುವುದೇ ಹೀಗೆ. ನನ್ನ ಮಟ್ಟಿಗೆ ಆ ಹೋಟೆಲ್ ಅಲ್ಲಿಗೆ ಮುಗಿಯಿತು.

ಎರಡನೇ ಹೋಟೆಲ್ ಬಗ್ಗೆ ಊಟಕ್ಕಿಂತ ಬಿಲ್ಲಿನ ಕಥೆಯೇ ದೊಡ್ಡದು. ಊಟ ಬೇಗ ಹೇಳಿಬಿಡುತ್ತೇನೆ. ಪನೀರ್, ಕೋಫ್ತಾ, ಅಣಬೆ ಅಂತ ಮೂರು ಪಲ್ಯ ತರಿಸಿದೆವು, ಮೂರೂ ಒಂದೇ ರುಚಿ. ದೊಡ್ಡ ಅಡುಗೆಮನೆಗಳಲ್ಲಿ ಬೆಳಿಗ್ಗೆಯೇ ಬೇಸ್ ಗ್ರೇವಿ ಮಾಡಿ ಇಡುತ್ತಾರೆ, ಟೊಮೆಟೊದ ಕೆಂಪು, ಗೋಡಂಬಿಯ ಬಿಳಿ, ಉಳ್ಳಾಗಡ್ಡಿಯದು ಇನ್ನೊಂದು. ಅದು ತಪ್ಪಲ್ಲ, ಇಲ್ಲದಿದ್ದರೆ ಶನಿವಾರ ರಾತ್ರಿ ನೂರು ಜನಕ್ಕೆ ಅಡುಗೆ ಕೊಡೋಕಾಗಲ್ಲ. ಆದರೆ ಆರ್ಡರ್ ಬಂದಮೇಲೆ ಒಂದೊಂದು ಪಲ್ಯಕ್ಕೂ ಅದರದೇ ಒಗ್ಗರಣೆ, ಅದರದೇ ಮಸಾಲೆ ಬೀಳಬೇಕಲ್ವಾ. ಅದು ಬಿದ್ದಿರಲಿಲ್ಲ. ಹೆಸರು ಮೂರು, ಸೌಟು ಒಂದು.

ಬಿಲ್ಲು ಬಂತು. ಊಟ 2,140 ರೂಪಾಯಿ. ಅದರ ಕೆಳಗೆ ಸರ್ವಿಸ್ ಚಾರ್ಜ್ ಶೇಕಡಾ 10, ಅಂದರೆ 214. ಎರಡೂ ಸೇರಿಸಿದ ಮೇಲೆ ಶೇಕಡಾ 5 ಜಿಎಸ್‌ಟಿ. ಒಟ್ಟು ಹತ್ತಿರ ಹತ್ತಿರ 2,472. ಇಲ್ಲಿ ಸ್ವಲ್ಪ ನಿಂತು ಕೇಳಿ, ಇದು ನಿಮ್ಮ ದುಡ್ಡಿನ ವಿಷಯ. ಜಿಎಸ್‌ಟಿ ಸರ್ಕಾರಕ್ಕೆ ಹೋಗುತ್ತದೆ, ಅದನ್ನು ಕೊಡಲೇಬೇಕು. ಸಾಮಾನ್ಯವಾಗಿ ರೆಸ್ಟೋರೆಂಟ್‌ಗೆ ಶೇಕಡಾ 5. ದಿನಕ್ಕೆ 7,500 ರೂಪಾಯಿಗಿಂತ ಜಾಸ್ತಿ ಬಾಡಿಗೆಯ ಕೋಣೆಗಳಿರುವ ದೊಡ್ಡ ಹೋಟೆಲ್ ಒಳಗಿನ ರೆಸ್ಟೋರೆಂಟ್ ಆದರೆ 18. ಸರ್ವಿಸ್ ಚಾರ್ಜ್ ಹಾಗಲ್ಲ. ಅದು ಹೋಟೆಲಿನವರೇ ಹಾಕಿದ್ದು. ಕೇಳದೆ ಅದನ್ನು ಬಿಲ್ಲಿಗೆ ಸೇರಿಸುವ ಹಾಗಿಲ್ಲ ಅಂತ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲೇ ಹೇಳಿದೆ. ಹೋಟೆಲ್ ಸಂಘಗಳು ಕೋರ್ಟಿಗೆ ಹೋದವು. 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಪ್ರಾಧಿಕಾರದ ಮಾತನ್ನೇ ಎತ್ತಿ ಹಿಡಿಯಿತು.

ನಾನು ಮ್ಯಾನೇಜರ್ ಹತ್ತಿರ ಹೋಗಿ ಮೆತ್ತಗೆ ಕೇಳಿದೆ, "ಸರ್, ಇದನ್ನ ತೆಗೀರಿ." ಅವರು ವಾದ ಮಾಡಲಿಲ್ಲ, ತೆಗೆದರು. ಹೊಸ ಬಿಲ್ಲು 2,247. ಅಂದರೆ ಕೇಳಿದವರಿಗೆ ತೆಗೆಯುತ್ತಾರೆ, ಸುಮ್ನೆ ಕೊಟ್ಟವರಿಂದ ತಗೊಳ್ಳುತ್ತಾರೆ. ಇದು ಸರಿಯಲ್ಲ. ನಿಮಗೂ ಹೀಗಾದರೆ ಜಗಳ ಬೇಡ, ತೆಗೆಯಿರಿ ಅಂತ ಹೇಳಿ. ಒಪ್ಪದಿದ್ದರೆ 1915ಕ್ಕೆ ಫೋನ್ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಬಡಿಸಿದ ಹುಡುಗನ ಕೈಗೆ ನಾನು 200 ರೂಪಾಯಿ ಕೊಟ್ಟೆ. ಅವನು ಚೆನ್ನಾಗಿ ನೋಡಿಕೊಂಡಿದ್ದ. ಅವ್ವನ ಲೋಟದಲ್ಲಿ ಬಿಸಿ ನೀರು ಖಾಲಿಯಾಗಲು ಬಿಡಲಿಲ್ಲ.

ಈಗ ಮೂರನೆಯದು. ಇದಕ್ಕೋಸ್ಕರವೇ ನಾನು ಈ ವಿಡಿಯೊ ಮಾಡಿದ್ದು.

ಒಳಗೆ ಹೋದ ತಕ್ಷಣ ಅವ್ವ ನಿಂತುಬಿಟ್ಟಳು. ಕಿವಿಗೆ ಟಪ್ ಟಪ್ ಸದ್ದು. ಊಟದ ಹಾಲ್‌ನ ಒಂದು ಮೂಲೆಯಲ್ಲಿ ಗಾಜಿನ ಹಿಂದೆ ಒಬ್ಬ ಹೆಂಗಸು ಕೂತು ರೊಟ್ಟಿ ಬಡಿಯುತ್ತಿದ್ದರು. ಹಂಚಿನಿಂದ ನಮ್ಮ ಟೇಬಲ್‌ಗೆ ಹತ್ತು ಹೆಜ್ಜೆ. ರೊಟ್ಟಿ ಬಂತು, ಇನ್ನೂ ಉಬ್ಬಿಕೊಂಡೇ ಇತ್ತು, ಅವ್ವ ಬೆರಳಿನಿಂದ ಚುಚ್ಚಿದಳು, ಹಬೆ ಹೊರಗೆ ಬಂತು, ಆ ತೂತಿನೊಳಗೆ ಬೆಣ್ಣೆ ಸರಿಸಿದಳು. ಮುರಿದಳು. ಮುರಿಯಿತು. ಇದಕ್ಕೆ 70 ರೂಪಾಯಿ, ಮೊದಲ ಹೋಟೆಲ್‌ಗಿಂತ ಹತ್ತು ಜಾಸ್ತಿ, ಅವ್ವ ಬೆಲೆಯ ಮಾತೇ ಎತ್ತಲಿಲ್ಲ. ಪಕ್ಕದಲ್ಲಿ ಹಸಿ ಮೆಂತೆ ಸೊಪ್ಪು, ಹಕ್ಕರಕಿ, ಉಳ್ಳಾಗಡ್ಡಿ ಇಟ್ಟಿದ್ದರು, ಸೊಪ್ಪಿನ ಮೇಲೆ ನೀರಿನ ಹನಿ ಇನ್ನೂ ಇದ್ದವು.

ಅವ್ವನ ಒಲೆಯ ಮೇಲೆ ಆಗದ್ದು ಏನು ತರಿಸೋಣ ಅಂತ ನೋಡಿದರೆ ಮೆನುವಿನಲ್ಲಿ ತಂದೂರಿ ಗೆಣಸು ಇತ್ತು. ಬೆಳಗಾವಿ ಸುತ್ತಿನ ಕೆಂಪು ಮಣ್ಣಿನಲ್ಲಿ, ಖಾನಾಪುರದ ಕಡೆ, ಗೆಣಸು ಎಷ್ಟು ಬೆಳೆಯುತ್ತಾರೆ ಅನ್ನೋದು ಇಲ್ಲಿಯವರಿಗೆ ಗೊತ್ತೇ ಇದೆ. ಆದರೆ ನಮ್ಮ ಮನೆಯಲ್ಲಿ ಗೆಣಸು ಅಂದರೆ ಶಿವರಾತ್ರಿ ಉಪವಾಸ. ಕುದಿಸಿ, ಸಿಪ್ಪೆ ತೆಗೆದು, ಬೆಲ್ಲದ ಜೊತೆ ತಿನ್ನೋದು. ದೊಡ್ಡ ಹೋಟೆಲಿನ ಮೆನುವಿನಲ್ಲಿ ಅದನ್ನು ನೋಡುತ್ತೇನೆ ಅಂದುಕೊಂಡಿರಲಿಲ್ಲ.

ಸಿಪ್ಪೆ ಸಮೇತ ಉದ್ದಕ್ಕೆ ಸೀಳಿದ ಒಂದು ಗೆಣಸು. ಸಿಪ್ಪೆ ಕಪ್ಪಗೆ ಸುಕ್ಕಾಗಿದೆ, ಅಂಚಿನಲ್ಲಿ ರಸ ಒಸರಿ ಪಾಕದ ಹಾಗೆ ಅಂಟಿದೆ. ಒಳಗೆ ಹಲ್ವಾದಷ್ಟು ಮೆತ್ತಗೆ. ಮೇಲೆ ಗಟ್ಟಿ ಮೊಸರು, ಅದರ ಮೇಲೆ ಬ್ಯಾಡಗಿ ಮೆಣಸಿನಕಾಯಿಯ ಕೆಂಪು ಎಣ್ಣೆ. ಬ್ಯಾಡಗಿಗೆ 2011ರಲ್ಲಿ ಜಿಐ ಟ್ಯಾಗ್ ಸಿಕ್ಕಿದೆ, ಅದರ ಗುಣವೇ ಬಣ್ಣ ಜಾಸ್ತಿ, ಖಾರ ಕಡಿಮೆ. ಇಲ್ಲಿ ಅದೇ ಬೇಕಿತ್ತು. ಬೇರೆ ಖಾರದ ಮೆಣಸಿನಕಾಯಿ ಹಾಕಿದ್ದರೆ ಗೆಣಸಿನ ಸಿಹಿ ಸತ್ತುಹೋಗುತ್ತಿತ್ತು. ಸಿಹಿ, ಹುಳಿ, ಹೊಗೆ, ಕೊನೆಗೆ ಸಣ್ಣ ಖಾರ. ನಾನು ಬಾಯಲ್ಲಿಟ್ಟುಕೊಂಡು ಕಣ್ಣು ಮುಚ್ಚಿದ್ದು ಕ್ಯಾಮೆರಾದಲ್ಲಿ ಬಂದಿದೆ, ತೆಗೆಯಲಿಲ್ಲ, ಹಾಗೇ ಬಿಟ್ಟಿದ್ದೇನೆ.

ಅವ್ವ ಅಡುಗೆಯವರನ್ನು ನೋಡಬೇಕು ಅಂದಳು. ಅವರು ಬಂದರು, ಕೈ ಒರೆಸಿಕೊಳ್ಳುತ್ತಾ. ತಂದೂರ್ ಉರಿ ಇಳಿದ ಮೇಲೆ ಗೆಣಸು ಒಳಗಿಟ್ಟು ಮುಕ್ಕಾಲು ಗಂಟೆ ಬಿಡುತ್ತಾರಂತೆ. ಜೋರು ಉರಿಯಲ್ಲಿ ಹೊರಗೆ ಸುಟ್ಟು ಒಳಗೆ ಹಿಟ್ಟಾಗಿಯೇ ಉಳಿಯುತ್ತದೆ. ನಿಧಾನವಾಗಿ ಬೆಂದರೆ ಆ ಹಿಟ್ಟೇ ಸಕ್ಕರೆಯಾಗುತ್ತದೆ. ಬೆಲ್ಲ ಹಾಕಿಲ್ಲವಾ ಅಂತ ಅವ್ವ ಎರಡು ಸಲ ಕೇಳಿದಳು. "ಚೂರೂ ಇಲ್ರಿ ಅವ್ವಾರ" ಅಂದರು.

ಅಲ್ಲಿಯೂ ಒಂದು ತಪ್ಪಿದೆ, ಅದನ್ನು ಮುಚ್ಚಿಡಲ್ಲ. ಮೆನುವಿನಲ್ಲಿ ಕುಂದಾ ಹಾಕಿ ಮಾಡಿದ ಎರಡು ಸಿಹಿ ಇದ್ದವು. ಬಿಸಿ ಕುಂದಾ ಮೇಲೆ ವೆನಿಲಾ ಐಸ್‌ಕ್ರೀಮ್ ಇಟ್ಟದ್ದು ನನಗೆ ಸೇರಲಿಲ್ಲ. ಹಾಲು ಬತ್ತಿಸಿ, ಮೊಸರು ಹಾಕಿ ಒಡೆಸಿ, ಸಕ್ಕರೆ ಕಂದು ಬಣ್ಣಕ್ಕೆ ತಿರುಗುವ ತನಕ ಕೈಯಾಡಿಸಿದ್ದು ಕುಂದಾ. ಅದು ತಾನೇ ಸಿಹಿ, ಅದರ ಮೇಲೆ ಇನ್ನೊಂದು ಸಿಹಿ ಯಾಕೆ? ಐಸ್‌ಕ್ರೀಮ್ ಕರಗಿ ಕುಂದಾದ ತರಿ ತರಿ ಹೋಯಿತು, ಪಾಯಸ ಆಯಿತು. ಆದರೆ ಎರಡನೇ ಸಲ ಹೋದಾಗ ತಿಂದ ಕುಂದಾ ಚೀಸ್‌ಕೇಕ್ ಬೇರೆಯೇ. ಬಟ್ಟೆಯಲ್ಲಿ ಕಟ್ಟಿ ನೀರಿಳಿಸಿದ ಮೊಸರಿನ ಮೇಲೆ ತೆಳ್ಳಗೆ ಒಂದು ಪದರ ಕುಂದಾ. ಮೊಸರಿನ ಹುಳಿ ಸಿಹಿಯನ್ನು ಹಿಡಿದು ನಿಲ್ಲಿಸಿತ್ತು. ಹೋದರೆ ಅದನ್ನೇ ತರಿಸಿ.

ಎದ್ದು ಹೊರಡುವಾಗ ಅವ್ವ ರೊಟ್ಟಿ ಬಡಿಯುವವರ ಹತ್ತಿರ ಹೋದಳು. ಜೋಳ ಎಲ್ಲಿಯದು, ಹಿಟ್ಟು ಎಷ್ಟು ದಿನಕ್ಕೊಮ್ಮೆ ಬೀಸಿಸುತ್ತೀರಿ, ಕೈ ಸುಡೋದಿಲ್ಲವಾ, ಹೀಗೆ ಅವರಿಬ್ಬರ ಮಾತು ಇಪ್ಪತ್ತು ನಿಮಿಷ ಮುಗಿಯಲಿಲ್ಲ. ಹಿಟ್ಟು ದಿನ ಬಿಟ್ಟು ದಿನ ಬೀಸಿಸುತ್ತಾರಂತೆ, ಹಳೆಯದಾದರೆ ಜಿಗಿ ಹೋಗುತ್ತದೆ, ರೊಟ್ಟಿ ಅಂಚು ಸೀಳುತ್ತದೆ. ಅಷ್ಟು ಹೊತ್ತೂ ಮ್ಯಾನೇಜರ್ ಅವಸರ ಮಾಡಲಿಲ್ಲ, ಅವ್ವನಿಗೆ ಒಂದು ಕುರ್ಚಿ ತಂದು ಹಾಕಿದರು.

ಈ ಕೊನೆಯ ಕ್ಲಿಪ್ ನಮ್ಮ ಊರಿನ ಮನೆಯ ಕಟ್ಟಿಗೆ ಒಲೆ. ರೊಟ್ಟಿ ಮುಗಿದ ಮೇಲೆ ಅವ್ವ ಕೆಂಡದ ಬೂದಿಯಲ್ಲಿ ಗೆಣಸು ಮುಚ್ಚಿಟ್ಟಿದ್ದಾಳೆ. ಮೊದಲ ಎರಡು ಕರಕಲಾದವು. ಮೂರನೆಯದು ಇದು, ಈಗ ಬಿಡಿಸುತ್ತಿದ್ದಾಳೆ, ನೋಡಿ.