ಏನ್ ಬೇಕು ಅಂದ್ರೆ ಸಿಸಿ ರೋಡು ಅಂತೀವಿ

ಗ್ರಾಮಸಭೇಲಿ ಯಾವಾಗಾದ್ರೂ ಕೂತಿದ್ದೀರಾ? "ಊರಿಗೆ ಏನ್ ಬೇಕು ಹೇಳ್ರಪ್ಪಾ" ಅಂದ ತಕ್ಷಣ ಸಿಸಿ ರೋಡು, ಚರಂಡಿ, ಹೈಮಾಸ್ಟ್ ಲೈಟು, ಸಮುದಾಯ ಭವನ, ಪಿಡಿಓ ಬರ್ಕೊಂಡ್ರು, ಸಭೆ ಮುಗೀತು. ಇವೆಲ್ಲ ಬೇಡ ಅಂತಲ್ಲ ಮತ್ತೆ, ಮಳೆಗಾಲದಲ್ಲಿ ಕೆಸರು ತುಳಿಯೋರಿಗೆ ರೋಡು ಬೇಕೇ ಬೇಕು. ಆದ್ರೆ ಇವು ಸಾಮಾನಿನ ಪಟ್ಟಿ, ಇದರ ಹಿಂದಿರೋ ಅಗತ್ಯ ಏನು ಅಂತ ಯಾರೂ ಕೇಳಲ್ಲ.

ಚಿಲಿ ದೇಶದಲ್ಲಿ ಮ್ಯಾನ್‌ಫ್ರೆಡ್ ಮ್ಯಾಕ್ಸ್ ನೀಫ್ ಅಂತ ಅರ್ಥಶಾಸ್ತ್ರಜ್ಞರಿದ್ರು, 2019ರಲ್ಲಿ ತೀರ್ಕೊಂಡ್ರು. ಅವರ ಪ್ರಕಾರ ಮನುಷ್ಯನ ಮೂಲ ಅಗತ್ಯ 9, ಯಾವ ದೇಶ ಆದ್ರೂ ಅವೇ, ಬದಲಾಗೋದು ಪೂರೈಸ್ಕೊಳ್ಳೋ ದಾರಿ ಮಾತ್ರ: ಹೊಟ್ಟೆಪಾಡು, ರಕ್ಷಣೆ, ಪ್ರೀತಿ, ತಿಳುವಳಿಕೆ, ಭಾಗವಹಿಸೋದು, ಬಿಡುವು, ಏನಾದ್ರೂ ಸೃಷ್ಟಿಸೋದು, ಗುರುತು, ಸ್ವಾತಂತ್ರ್ಯ. ಮಾಸ್ಲೋ ಪಿರಮಿಡ್ ಅಂತ ಓದಿರ್ತೀವಲ್ಲ, ಕೆಳಗಿನ ಅಗತ್ಯ ತೀರಿದ್ಮೇಲೇ ಮೇಲಿನದ್ದು ಅಂತ, ಹಂಗೆ ಮೆಟ್ಟಿಲು ಇಲ್ಲ ಇದ್ರಲ್ಲಿ, ಜೀವ ಉಳಿಸ್ಕೊಳ್ಳೋದೊಂದು ಬಿಟ್ರೆ. ಬಿಡುವನ್ನ ಅನ್ನದ ಪಂಕ್ತೀಲೇ ಕೂರ್ಸಿದಾರೆ ನೋಡಿ, ನಮ್ಮಲ್ಲಿ ಅದಕ್ಕೆ ಸೋಮಾರಿತನ ಅಂತ ಹೆಸರು.

ಅವರೇ ಕೊಡೋ ಉದಾಹರಣೆ, ಎದೆಹಾಲು. ಬಾಟಲಿ ಹಾಲು ಹೊಟ್ಟೆ ತುಂಬಿಸುತ್ತೆ ಅಷ್ಟೇ, ಎದೆಹಾಲು ಕುಡಿಸುವಾಗ ಹೊಟ್ಟೆ, ರಕ್ಷಣೆ, ಪ್ರೀತಿ ಎಲ್ಲ ಒಟ್ಟಿಗೇ ಸಿಗುತ್ತೆ. ನಂಗೆ ತಕ್ಷಣ ನೆನಪಾಗಿದ್ದು ಅರಳಿಕಟ್ಟೆ. ಬಿಡುವೂ ಅಲ್ಲೇ, ಊರ ಸುದ್ದಿಯೂ ಅಲ್ಲೇ, ಪಂಚಾಯ್ತಿ ತಕರಾರೂ ಅಲ್ಲೇ, ಯಾವ ಟೆಂಡರೂ ಇಲ್ದೆ ಇಷ್ಟೆಲ್ಲ ಮಾಡುತ್ತೆ ಅದು. ಅಂತ ಹೊಗಳ್ತಾ ಇರುವಾಗ್ಲೇ ಹೊಳೀತು, ಆ ಕಟ್ಟೆ ಮೇಲೆ ನಾನೊಬ್ಬ ಹೆಂಗಸೂ ಕೂತಿದ್ದನ್ನ ನೋಡಿಲ್ಲ. ಎಷ್ಟೋ ಊರಲ್ಲಿ ದಲಿತರನ್ನೂ ಕೂರಿಸ್ತಿರ್ಲಿಲ್ಲ. ಹೆಂಗಸ್ರಿಗೆ ಮಾತಿಗೆ ಇದ್ದಿದ್ದು ಬಾವಿಕಟ್ಟೆ, ಮನೆಗೆ ನಲ್ಲಿ ಬಂತು, ಅದೂ ಹೋಯ್ತು. ನಲ್ಲಿ ಬೇಡಿತ್ತು ಅನ್ನೋಕೆ ನಾನ್ಯಾರು, ಕೊಡ ಹೊತ್ತೋರು ಅವರು. ಆದ್ರೆ ನೀರಿನ ಜೊತೆ ಅಲ್ಲಿ ಇನ್ನೇನೋ ಸಿಗ್ತಿತ್ತು, ಅದಕ್ಕೆ ಬದಲಿ ಎಲ್ಲಿ ಅಂತ ಯಾವ ಪ್ಲಾನಲ್ಲೂ ಬರೆದಿಲ್ಲ.

ಪ್ಲಾನ್ ಮಾಡುವಾಗ ಊರಲ್ಲಿ ಜನರ ಕೈಲೇ ರಂಗೋಲಿ ಪುಡೀಲಿ ನೆಲದ ಮೇಲೆ ನಕ್ಷೆ ಬರೆಸ್ತಾರಲ್ಲ, ಮನೆ, ಬೋರ್‌ವೆಲ್ಲು, ಅಂಗನವಾಡಿ ಅಂತ, ಅದ್ರಲ್ಲಿ "ನೀವು ಸುಮ್ನೆ ಕೂರೋ ಜಾಗ ಯಾವ್ದು" ಅಂತ್ಲೂ ಕೇಳಿ, ಗಂಡಸ್ರನ್ನ ಬೇರೆ ಹೆಂಗಸ್ರನ್ನ ಬೇರೆ.

ಮನೇಲೂ ಮಾಡ್ಬೋದು. ನೋಟ್‌ಬುಕ್ಕಲ್ಲಿ ಆ 9 ಅಗತ್ಯ ಬರ್ಕೊಂಡೆ, ಒಂದೊಂದರ ಮುಂದೆ ಅದನ್ನ ಹೆಂಗೆ ಪೂರೈಸ್ಕೊಳ್ತೀನಿ ಅಂತ ಬರೆದೆ, ಬಿಡುವಿನ ಮುಂದೆ ನಂದು ಮೊಬೈಲು, ನಾಚಿಕೆ ಆಯ್ತು. ಅಮ್ಮನ್ನ ಕೇಳ್ದೆ, "ನಿಂಗೆ ಬಿಡುವು ಯಾವಾಗಮ್ಮ?" "ಕರೆಂಟ್ ಹೋದಾಗ ಕಣೋ" ಅಂದ್ರು, ಮಿಕ್ಸಿ ಹಾಕೋಕೆ ಎದ್ದು ಹೋದ್ರು.