ತಾರಸಿ ಮೇಲೆ ಮಣ್ಣು, ಒಳಗೆ ತಂಪು

ಕೇಳುಗರಿಗೆಲ್ಲ ನಮಸ್ಕಾರ.

ಏಪ್ರಿಲ್ ತಿಂಗಳ ರಾತ್ರಿ ಹತ್ತು ಗಂಟೆ ಅಂದುಕೊಳ್ಳಿ. ಅಂಗಳದಲ್ಲಿ ನಿಂತರೆ ಗಾಳಿ ಹಾಯೆನಿಸುತ್ತದೆ. ಒಳಗೆ ಬಂದು ಫ್ಯಾನ್ ಹಾಕಿದರೆ ಮಾತ್ರ ಬಿಸಿಗಾಳಿ. ಮೇಲಿನ ಮಹಡಿಯಲ್ಲಿ ಇರೋರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಫ್ಯಾನ್ ಆಫ್ ಮಾಡಿ, ಸ್ಟೂಲ್ ಹತ್ತಿ, ಸೀಲಿಂಗಿಗೆ ಅಂಗೈ ಒತ್ತಿ ನೋಡಿ. ಬೆಚ್ಚಗಿರುತ್ತದೆ. ಬರಿಯ ತಾರಸಿಯ ಮೈ ಬೇಸಿಗೆ ಮಧ್ಯಾಹ್ನ 55, 60 ಡಿಗ್ರಿವರೆಗೂ ಕಾಯುತ್ತದೆ. ನಾಲ್ಕೈದು ಇಂಚಿನ ಕಾಂಕ್ರೀಟು ದಾಟಿ ಆ ಕಾವು ಕೆಳಗಿಳಿಯಲು ಕೆಲವು ಗಂಟೆ ಹಿಡಿಯುತ್ತದೆ. ಹೊರಗೆ ತಂಪಾದ ಮೇಲೂ ಒಳಗೆ ಸೆಕೆ ಬಿಡದಿರುವುದು ಇದರಿಂದಲೇ.

ಇದಕ್ಕೆ ಮದ್ದು ಹಸಿರು ಛಾವಣಿ ಅಂತಾರೆ. ತಾರಸಿಗೆ ನೀರು ಇಳಿಯದಂಥ ಪದರ ಹಾಕಿ, ಅದರ ಮೇಲೆ ಮಣ್ಣು ಹರಡಿ, ಗಿಡ ಬೆಳೆಸುವುದು. ಕೆನಡಾದ ಟೊರಾಂಟೊ ನಗರ 2009ರಲ್ಲೇ ದೊಡ್ಡ ಹೊಸ ಕಟ್ಟಡಗಳಿಗೆ ಇದನ್ನು ಕಡ್ಡಾಯ ಮಾಡಿತು. ನಮ್ಮಲ್ಲಿ ಇದು ಹೇಗೆ ನಡೆಯುತ್ತದೆ? ಅದು ಯಾವ ಕಾಲ ಅನ್ನುವುದರ ಮೇಲೆ ಹೋಗುತ್ತದೆ.

ಬೇಸಿಗೆಯಲ್ಲಿ ಲಾಭ ಜಾಸ್ತಿ. ಎಲೆಗಳು ಬಿಸಿಲನ್ನು ಮೇಲೆಯೇ ತಡೆಯುತ್ತವೆ. ಮಣ್ಣು ಕಾವನ್ನು ತಡವಾಗಿ, ಕಡಿಮೆಯಾಗಿ ಕೆಳಗೆ ಬಿಡುತ್ತದೆ. ಮೂರನೆಯದು ನೀರಿನ ಕೆಲಸ. ಗಿಡ ಬೇರಿನಿಂದ ಎಳೆದ ನೀರು ಎಲೆಯಿಂದ ಆವಿಯಾಗುತ್ತದೆ. ಒಂದು ಲೀಟರ್ ನೀರು ಆವಿಯಾಗುವಾಗ ಎಷ್ಟು ಶಾಖ ಹೀರುತ್ತದೆ ಗೊತ್ತಾ? ಸಾವಿರ ವ್ಯಾಟಿನ ಇಸ್ತ್ರಿ ಪೆಟ್ಟಿಗೆ ಸುಮಾರು 40 ನಿಮಿಷ ಉರಿದು ಕೊಡುವಷ್ಟು! ಅಷ್ಟೂ ತಾರಸಿಯಿಂದಲೇ ಹೋಗುವುದಿಲ್ಲ, ಸುತ್ತಲಿನ ಗಾಳಿಯಿಂದಲೂ ಹೋಗುತ್ತದೆ. ಆದರೂ ಕಡಿಮೆಯೇನಲ್ಲ.

ತೊಡಕು ಇರುವುದೂ ಇಲ್ಲೇ. ಬೋರ್‌ವೆಲ್ ಕೈಕೊಡುವುದು, ಟ್ಯಾಂಕರಿಗೆ ಕಾಯುವುದು ಅದೇ ಏಪ್ರಿಲ್‌ನಲ್ಲಿ. ಕುಡಿಯುವ ನೀರಿಗೇ ಪರದಾಡುವಾಗ ತಾರಸಿಗೆ ಹುಲ್ಲುಹಾಸು ಬೇಕಾ? ನನ್ನ ಕೇಳಿದರೆ ಬೇಡ. ಪಾತ್ರೆ ತೊಳೆದ ನೀರನ್ನು ಸೋಸಿ ಬಳಸಲು ದಾರಿಯಿದ್ದರೆ ಆ ಮಾತು ಬೇರೆ. ಹಾಗಾದರೆ ದೊಡ್ಡಪತ್ರೆ, ಟೇಬಲ್ ರೋಸ್ ಥರದ ದಪ್ಪ ಎಲೆಯ ಗಿಡ ಹಾಕೋಣ ಅಂತೀರಾ? ಅವು ಸ್ವಲ್ಪ ನೀರಲ್ಲೇ ಬದುಕುತ್ತವೆ, ನಿಜ. ಆದರೆ ನೀರನ್ನು ಬಿಗಿಹಿಡಿದು ಉಳಿಸಿಕೊಳ್ಳುವ ಗಿಡದಿಂದ ಆವಿಯ ತಂಪೂ ಅಷ್ಟಕ್ಕಷ್ಟೇ. ನೆರಳು, ಮಣ್ಣಿನ ಲಾಭ ಸಿಗುತ್ತದೆ.

ಮಣ್ಣಿನ ಲಾಭ ಎಷ್ಟು ಅಂತ ತಿಳಿಯಬೇಕಾದರೆ ವಿಜಯಪುರ, ಬಾಗಲಕೋಟೆ, ಕೊಪ್ಪಳದ ಕಡೆಯ ಹಳೆ ಮಾಳಿಗೆ ಮನೆ ಹೊಕ್ಕು ನೋಡಬೇಕು. ಕಂಬದ ಮೇಲೆ ತೊಲೆ, ತೊಲೆ ಮೇಲೆ ಜಂತಿ, ಅದರ ಮೇಲೆ ಕಟ್ಟಿಗೆ ಸೊಪ್ಪು ಹಾಸಿ ದಪ್ಪಗೆ ಮಣ್ಣು. ಎಲ್ಲಕ್ಕೂ ಮೇಲೆ ಕರಲು ಮಣ್ಣು. ಅದು ನೆನೆದರೆ ಉಬ್ಬಿ ಸಂದುಗೊಂದು ಮುಚ್ಚಿಕೊಳ್ಳುತ್ತದೆ, ಗಿಡವನ್ನೂ ಸುಲಭಕ್ಕೆ ಬೆಳೆಯಗೊಡುವುದಿಲ್ಲ. ಹುಲ್ಲು ಮೊಳೆತರೆ ಮನೆಯವರು ಕಿತ್ತೆಸೆಯುತ್ತಾರೆ, ಬೇರಿನ ಜಾಡಲ್ಲಿ ಸೋರುತ್ತದಲ್ಲ. ಹಸಿರಿನ ಸುಳಿವೂ ಇಲ್ಲದ ಛಾವಣಿ ಅದು! ಆದರೂ ಮೇ ತಿಂಗಳ ಮಧ್ಯಾಹ್ನ ಒಳಗೆ ಕಾಲಿಟ್ಟರೆ ತಣ್ಣಗೆ.

ಮಳೆಗಾಲದ ಬಗ್ಗೆ ಹೇಳುವುದು ಕಡಿಮೆ. ಮೋಡ ಕವಿದಿರುವಾಗ ತಾರಸಿ ಕಾಯುವುದೇ ಇಲ್ಲ. ಗಾಳಿಯಲ್ಲೂ ತೇವ, ಆವಿ ನಿಧಾನ. ಆಗಿನ ಚಿಂತೆಯೆಲ್ಲ ಸೋರಿಕೆಯದು.

ಚಳಿಗಾಲದಲ್ಲಿ ಎರಡು ಮುಖ. ಡಿಸೆಂಬರಿನ ಮೋಡವಿಲ್ಲದ ರಾತ್ರಿ ಬರಿಯ ಕಾಂಕ್ರೀಟು ತನ್ನ ಕಾವನ್ನು ಆಕಾಶಕ್ಕೆ ಬಿಟ್ಟುಕೊಟ್ಟು, ಸುತ್ತಲ ಗಾಳಿಗಿಂತಲೂ ತಣ್ಣಗಾಗುತ್ತದೆ. ಮಣ್ಣು ಹೊದಿಸಿದ್ದರೆ ಹಾಗಾಗುವುದಿಲ್ಲ, ಬೆಳಗಿನ ಜಾವ ಕೋಣೆ ಒಂದಿಷ್ಟು ಬೆಚ್ಚಗೆ. ಆದರೆ ಹಗಲಿನ ಹಿತವಾದ ಬಿಸಿಲನ್ನೂ ಅದೇ ಮಣ್ಣು ತಡೆಯುತ್ತದೆ. ಹಾಗಾಗಿ ಬೆಂಗಳೂರಿನಲ್ಲಿ ಚಳಿಗಾಲಕ್ಕೆ ಅಂಥ ವ್ಯತ್ಯಾಸ ಕಾಣದು. ರಾತ್ರಿ ಕೊರೆಯುವ ಬೀದರಿನಲ್ಲಿ ಕಂಡೀತು.

ಇದೆಲ್ಲ ಕೇಳಿ ನಾಳೆಯೇ ಮಣ್ಣು ಹೊರಿಸಬೇಡಿ. ಜನ ಓಡಾಡುವ ತಾರಸಿಗೆ ನಮ್ಮ ಭಾರತೀಯ ಮಾನಕದ ಲೆಕ್ಕ ಚದರ ಮೀಟರಿಗೆ ಸುಮಾರು 150 ಕಿಲೋ ಭಾರ. ನಾಲ್ಕು ಇಂಚು ಹಸಿ ಮಣ್ಣೇ ಅದನ್ನು ಮೀರಿಬಿಡುತ್ತದೆ. ತೆಂಗಿನ ನಾರಿನ ಪುಡಿ ಬೆರೆಸಿ ಹಗುರ ಮಾಡಬಹುದು, ಆಗಲೂ ಎಂಜಿನಿಯರನ್ನು ಕೇಳಿಯೇ ಮುಂದುವರಿಯಿರಿ. ಹಳೆ ಮನೆಯಾದರೆ ನಾನು ಚಪ್ಪರ ಹಾಕಿ ಅಂತೀನಿ. ಗೋಡೆ ಪಕ್ಕದ ನೆಲದಲ್ಲೇ ತೊಂಡೆಯನ್ನೋ ಹಾಗಲವನ್ನೋ ನೆಟ್ಟು ಮೇಲಕ್ಕೆ ಹಬ್ಬಿಸಿ. ಭಾರವಿಲ್ಲ, ನೆರಳಿದೆ, ಚಪ್ಪರದ ಕೆಳಗೆ ಗಾಳಿಯೂ ಆಡುತ್ತದೆ.

ಮಣ್ಣೇ ಹಾಕುವವರು ಮೊದಲು ತಾರಸಿಯ ನೀರು ಹೋಗುವ ಕೊಳವೆ ಮುಚ್ಚಿ, ಎರಡು ದಿನ ಎರಡಿಂಚು ನೀರು ಕಟ್ಟಿ ನಿಲ್ಲಿಸಿ. ಕೆಳಗೆ ಸೀಲಿಂಗಿನಲ್ಲಿ ಒಂದು ತೇವದ ಕಲೆ ಕಂಡರೂ ರಿಪೇರಿ ಮುಗಿಯುವವರೆಗೆ ಗಿಡದ ಮಾತು ಬೇಡ. ನಮಸ್ಕಾರ.