ಗುಂಪಿನಲ್ಲಿ ಯಾರ ಮನಸ್ಸಲ್ಲಿ ಏನಿತ್ತು?

ಕೇಳುಗರಿಗೆಲ್ಲ ನಮಸ್ಕಾರ.

ಹೊಲದ ಬದುವಿಗೆ ಜಗಳ. ಆ ಕಡೆ ಮೂವರು, ಈ ಕಡೆ ನಾಲ್ವರು. ದೊಣ್ಣೆ ಬೀಸಿದರು, ಒಬ್ಬ ಸತ್ತ. ಮಾರನೇ ದಿನವೇ ಊರವರ ತೀರ್ಪು ಬಂದುಬಿಡುತ್ತದೆ: 'ನಾಲ್ಕೂ ಜನಕ್ಕೆ ತ್ರೀ ನಾಟ್ ಟೂ!' ಹಳೇ ದಂಡ ಸಂಹಿತೆಯಲ್ಲಿ ಕೊಲೆಗಿದ್ದ ಆ 302 ಈಗಿಲ್ಲ. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 103 ಬಂದಿದೆ. ಅದಿರಲಿ. ಹೆಣ ಬಿದ್ದ ಮಾತ್ರಕ್ಕೆ ಕೊಲೆ ಆಗುವುದಿಲ್ಲ. ಮನಸ್ಸಲ್ಲಿ ಏನಿತ್ತು ಅಂತ ಕೋರ್ಟು ನೋಡುತ್ತದೆ.

ಕೊಲೆಗೆ ಗಲ್ಲು ಅಥವಾ ಜೀವಾವಧಿ. ಕೊಲೆ ಅನ್ನಿಸಿಕೊಳ್ಳದ ನರಹತ್ಯೆಗೂ ಜೈಲು ಉಂಟು, ಗಲ್ಲು ಇಲ್ಲ. ಮಾತಿಗೆ ಮಾತು ಬೆಳೆದು, ಮೊದಲೇ ಏನೂ ಯೋಚಿಸದೆ, ಕೈಗೆ ಸಿಕ್ಕಿದ್ದರಲ್ಲಿ ಹೊಡೆದಾಗ ಸತ್ತರೆ ಅದು ನರಹತ್ಯೆ. ಮನೆಗೆ ಹೋಗಿ ಮಚ್ಚು ತಂದು ಕಡಿದರೆ ಕೊಲೆ. 'ಒಂದೇ ಏಟು ಸ್ವಾಮಿ, ಸಾಯಲಿ ಅಂತ ಹೊಡೆದಿಲ್ಲ' ಅನ್ನುವವರು ಜಾಸ್ತಿ. ಅದು ಎಲ್ಲ ಸಲ ನಡೆಯುವುದಿಲ್ಲ. 1958ರ ವಿರ್ಸಾ ಸಿಂಗ್ ಪ್ರಕರಣದಲ್ಲಿ ಇದ್ದದ್ದು ಹೊಟ್ಟೆಗೆ ಈಟಿಯ ಒಂದೇ ತಿವಿತ, ಕರುಳು ಹೊರಬಂದಿತ್ತು. ಬೇಕಂತಲೇ ಅಲ್ಲಿಗೆ ತಿವಿದೆಯಾ, ಅಂಥ ಗಾಯಕ್ಕೆ ಮನುಷ್ಯ ಸಾಯುತ್ತಾನಾ, ಅಷ್ಟೇ ನೋಡಿದ ಸುಪ್ರೀಂ ಕೋರ್ಟು ಕೊಲೆ ಅಂದಿತು.

ಇನ್ನು ಗುಂಪು. ಒಬ್ಬ ಮಾಡಿದ ಕೊಲೆ ಜೊತೆಗಿದ್ದವನ ತಲೆಗೂ ಬರಬೇಕಾದರೆ, ಇಬ್ಬರೂ ಸೇರಿ ಯೋಚಿಸಿ ಮಾಡಿದ್ದಾಗಿರಬೇಕು. ನನಗೆ ಬಹಳ ಇಷ್ಟದ ಒಂದು ಕೇಸು ಹೇಳುತ್ತೇನೆ. 1943ರ ಆಗಸ್ಟು, ಪಂಜಾಬಿನ ಸಿಂಧೂ ನದಿ ದಡ. ಕೆಲವರು ದೋಣಿಯಲ್ಲಿ ಹೋಗಿ ಜೊಂಡು ಕೊಯ್ದರು. 'ಅದು ನಮ್ಮ ಜಾಗ, ಮುಟ್ಟಬೇಡಿ' ಅಂತ ದಡದಲ್ಲಿ ಸ್ನಾನ ಮಾಡುತ್ತಿದ್ದವನೊಬ್ಬ ಮೊದಲೇ ಹೇಳಿದ್ದ. ಕೇಳಲಿಲ್ಲ. ಹದಿನಾರು ಹೊರೆ ಕಟ್ಟಿಕೊಂಡು, ದೋಣಿಗೆ ಹಗ್ಗ ಹಾಕಿ ಎಳೆಯುತ್ತಾ ವಾಪಸು ಹೊರಟರು. ದಾರಿಯಲ್ಲಿ ಅವನ ಕಡೆಯ ಹುಡುಗ ಹಗ್ಗ ಹಿಡಿದ, ಕೋಲಿನಲ್ಲಿ ಒಂದು ಬೀಸಿದ. ಇವರು ದೋಣಿಯ ಗಳ ಎತ್ತಿ ಅವನಿಗೇ ಹೊಡೆದರು. ಹುಡುಗ ಕೂಗಿಕೊಂಡ. ವಾಲಿ ಷಾ, ಮಹಬೂಬ್ ಷಾ ಇಬ್ಬರೂ ಬಂದೂಕು ಹಿಡಿದು ಓಡಿ ಬಂದರು. ವಾಲಿ ಗುಂಡು ಹಾರಿಸಿದ, ಒಬ್ಬ ಅಲ್ಲೇ ಸತ್ತ. ಮಹಬೂಬ್ ಹಾರಿಸಿದ್ದು ಇನ್ನೊಬ್ಬನಿಗೆ ತಾಗಿ ಚಿಕ್ಕ ಗಾಯವಾಯಿತು, ಅಷ್ಟೇ. ವಾಲಿ ತಲೆ ಮರೆಸಿಕೊಂಡ. ಸಿಕ್ಕಿದ್ದು ಹತ್ತೊಂಬತ್ತರ ಮಹಬೂಬ್. ಅವನಿಗೆ ಗಲ್ಲು ಅಂದರು, ಲಾಹೋರ್ ಹೈಕೋರ್ಟೂ ಹೂಂ ಅಂದಿತು!

1945ರಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲ್, ಅಂದರೆ ಬ್ರಿಟಿಷರ ಕಾಲದ ನಮ್ಮ ಕೊನೇ ಮೇಲ್ಮನವಿ ಕೋರ್ಟು, ಆ ಕೊಲೆ ಅಪರಾಧವನ್ನು ರದ್ದು ಮಾಡಿತು. ಇಬ್ಬರೂ ಹುಡುಗನನ್ನು ಬಿಡಿಸಲು ಬಂದವರು. ಸಾಯಿಸೋಣ ಅಂತ ಮೊದಲೇ ಮಾತಾಡಿಕೊಂಡದ್ದಕ್ಕೆ ಪುರಾವೆ ಎಲ್ಲಿದೆ? ಇಬ್ಬರಿಗೂ ಒಂದೇ ಥರದ ಯೋಚನೆ ಬರುವುದು ಬೇರೆ, ಇಬ್ಬರೂ ಸೇರಿ ಯೋಚಿಸುವುದು ಬೇರೆ. ನೋಡಿ, ಮತ್ತೆ ಮನಸ್ಸಿಗೇ ಬಂದೆವು.

ಅಯ್ಯೋ, ಗಾಜಿನಾಚೆಯಿಂದ ಗಡಿಯಾರ ತೋರಿಸುತ್ತಿದ್ದಾರೆ. ಬೇಗ ಹೇಳಿಬಿಡುತ್ತೇನೆ. ಕಲ್ಕತ್ತೆಯಲ್ಲಿ 1923ರಲ್ಲಿ ದುಡ್ಡು ಎಣಿಸುತ್ತಿದ್ದ ಪೋಸ್ಟ್ ಮಾಸ್ಟರನ್ನು ಗುಂಪೊಂದು ಗುಂಡಿಟ್ಟು ಕೊಂದಿತು. 'ನಾನು ಹೊರಗೆ ಅಂಗಳದಲ್ಲಿ ಸುಮ್ನೆ ನಿಂತಿದ್ದೆ' ಅಂದ ಒಬ್ಬ. ಅವನಿಗೂ ಕೊಲೆಯೇ ಆಯಿತು. ಪಿಸ್ತೂಲು ಹಿಡಿದು, ದರೋಡೆಗೆಂದು ಜೊತೆಯಾಗಿ ಬಂದವನು, ಅಲ್ವಾ? ಐದು ಅಥವಾ ಹೆಚ್ಚು ಜನ ಸೇರಿದಾಗಿನ ಅಕ್ರಮ ಕೂಟದ ನಿಯಮ ಇನ್ನೂ ಬಿಗಿ. ಅದಕ್ಕೆ ಇವತ್ತು ಹೊತ್ತಿಲ್ಲ.

ಸಾಕ್ಷಿ ಹೇಳುವವರಿಗೆ ಒಂದು ಮಾತು. ದೂರಿನಲ್ಲಿ 'ಎಲ್ಲರೂ ಸೇರಿ ಹೊಡೆದರು' ಅಂತ ಬರೆಸಬೇಡಿ ದಯವಿಟ್ಟು. ಯಾರ ಕೈಯಲ್ಲಿ ಏನಿತ್ತು, ಯಾರು ಮೊದಲು ಬಂದರು, ಯಾರು ಏನಂತ ಕೂಗಿದರು, ಏಟು ಎಲ್ಲಿಗೆ ಬಿತ್ತು, ಇಷ್ಟನ್ನೂ ಕಂಡಷ್ಟೇ ಬರೆಸಿ. ನಮಸ್ಕಾರ.